ಗುಣಪಡಿಸುವ ಕೈ, ಕಾಯುವ ಕೈ



ಪ್ಲಸ್ ಟು ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ಮಗಳನ್ನು ನರ್ಸಿಂಗ್‌ಗೆ ಸೇರಿಸೋಣ, ಸೇವೆಯೂ ಆಯಿತು, ಸಂಬಳವೂ ಆಯಿತು." ಇದರಲ್ಲಿ ತಪ್ಪೇನಿಲ್ಲ. ತೇನಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ, 1955ರಿಂದ ನಡೆದುಬಂದ ಒಡ್ಡನ್‌ಛತ್ರದ ಕ್ರಿಶ್ಚಿಯನ್ ಫೆಲೋಶಿಪ್ ಆಸ್ಪತ್ರೆಯಲ್ಲಿ ದಾದಿಯರ ದುಡಿಮೆಯನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ಅದೇ ಮಗಳು "ವಿಶೇಷಚೇತನರ ಜೊತೆ ಕೆಲಸ ಮಾಡುತ್ತೇನೆ" ಎಂದರೆ ಮನೆ ಮೌನವಾಗುತ್ತದೆ. ಆ ಮೌನ ಏಕೆ?

ನರ್ಸಿಂಗ್‌ನ ದಾರಿ ಸ್ಪಷ್ಟ. ಬಿ.ಎಸ್ಸಿ.ಗೆ ನಾಲ್ಕು ವರ್ಷ, ನಂತರ ನೋಂದಣಿ, ಊರೂರಲ್ಲೂ ಕೆಲಸ. ವಿಶೇಷ ಶಿಕ್ಷಣಕ್ಕೂ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಪಡೆದ ಕೋರ್ಸುಗಳಿವೆ. ಆದರೂ ದಿನವಿಡೀ ಜೊತೆಗಿದ್ದು ನೋಡಿಕೊಳ್ಳುವವರಿಗೆ ಸಂಬಳವೂ ಕಡಿಮೆ, ಗೌರವವೂ ಕಡಿಮೆ. "ಸೇವೆ ತಾನೇ" ಎಂದು ಕಡಿಮೆ ಕೊಡುವುದು ಪುಣ್ಯವಲ್ಲ, ಅನ್ಯಾಯ. ದುಡಿದವನಿಗೆ ಬಾಳಲು ಸಾಲುವಷ್ಟು ಕೂಲಿ ಸಲ್ಲಬೇಕೆಂದು ಪೋಪ್ ಹದಿಮೂರನೇ ಲಿಯೋ 1891ರಲ್ಲೇ ಬೋಧಿಸಿದ್ದರು.

ಒಳಗಿನ ವ್ಯತ್ಯಾಸ ಬೇರೆ. ವಾರ್ಡಿನಲ್ಲಿ ಒಳ್ಳೆಯ ದಿನವೆಂದರೆ ರೋಗಿ ಗುಣವಾಗಿ ಮನೆಗೆ ಹೋಗುವ ದಿನ. ವಿಶೇಷಚೇತನರು ರೋಗಿಗಳಲ್ಲ, ಅವರಿಗೆ ಡಿಸ್ಚಾರ್ಜ್ ಇಲ್ಲ. ಅಲ್ಲಿ ಒಳ್ಳೆಯ ದಿನವೆಂದರೆ ಇಪ್ಪತ್ತು ವರ್ಷದ ಹುಡುಗ ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡ ದಿನ. ನಾವು ಹಾಕಿದರೆ ಅರ್ಧ ನಿಮಿಷ, ಅವನು ಹಾಕಿದರೆ ಹತ್ತು ನಿಮಿಷ. ಆ ಹತ್ತು ನಿಮಿಷ ಕೈಕಟ್ಟಿ ಕಾಯುವುದೇ ಅಲ್ಲಿಯ ಕೆಲಸ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೇಳುವುದೂ ಇದನ್ನೇ: ಅವರಿಗೆ ಸಲ್ಲಬೇಕಾದ್ದು ಬರೀ ಕನಿಕರವಲ್ಲ, ಹಕ್ಕು.

ಜೆರಿಕೋ ದಾರಿಯಲ್ಲಿ ಕುರುಡ ಬಾರ್ತಿಮಾಯ ಕೂಗಿ ಕರೆದಾಗ ಪ್ರಭು ಯೇಸು ನೇರವಾಗಿ ಕಣ್ಣು ಮುಟ್ಟಲಿಲ್ಲ. ನಿನಗೇನು ಬೇಕು ಎಂದು ಮೊದಲು ಅವನನ್ನೇ ಕೇಳಿದರು. ಕುರುಡನಿಗೆ ಬೇಕಾದುದು ಎಲ್ಲರಿಗೂ ಗೊತ್ತಿದ್ದಂತೆಯೇ ಇತ್ತು, ಆದರೂ ಕೇಳಿದರು. ಈ ಪ್ರಶ್ನೆ ದಾದಿಗೂ ಬೇಕು, ಜೊತೆಗಾರರಿಗೂ ಬೇಕು. ಹಾಸಿಗೆ ಹಿಡಿದ ಅಜ್ಜಿ ಬರೀ ಹುಣ್ಣಲ್ಲ; ಮೂರ್ಛೆರೋಗವಿರುವ ಮಗುವಿಗೆ ಪ್ರೀತಿಯ ಜೊತೆಗೆ ಹೊತ್ತಿಗೆ ಸರಿಯಾಗಿ ಮಾತ್ರೆಯೂ ಬೇಕು. ಹಾಗಾಗಿ ಯಾವುದು ಮೇಲು, ಯಾವುದು ಕೀಳು ಎಂಬ ಲೆಕ್ಕ ಬೇಡ.

ಆದರೆ ಕಂಬಂ ಕಣಿವೆಯ ಕನ್ನಡದ ಮನೆಗಳವರಾದ ನಮಗೆ ಇನ್ನೊಂದು ಹೊಣೆಯಿದೆ. ಜ್ವರ ಬಂದರೆ ನಾವು ತಮಿಳಿನಲ್ಲಿ ಹೇಳಿಕೊಳ್ಳುತ್ತೇವೆ. ನಾಲ್ಕೇ ಮಾತು ಬಲ್ಲ ಮಗುವಿಗೆ ಆ ನಾಲ್ಕೂ ಅಮ್ಮನ ಮಾತುಗಳು. ಅದು "ಬ್ಯಾಡ" ಎಂದಾಗ, ತಮಿಳು ಮಾತ್ರ ಬಲ್ಲವರು ಎಷ್ಟೇ ಪ್ರೀತಿಯವರಾದರೂ ಅವರಿಗೆ ಅದು ಬರೀ ಸದ್ದಾಗಿ ಕೇಳೀತು. ನಮ್ಮ ಮಗಳಿಗೆ ಅದು ಮಾತಾಗಿ ಕೇಳುತ್ತದೆ.

ಮುಂದಿನ ಸಲ ಯಾವ ಮಗಳಾದರೂ, ಮಗನಾದರೂ ಈ ದಾರಿಯ ಮಾತೆತ್ತಿದರೆ ನಾವು ಮೌನವಾಗದಿರೋಣ. ಪ್ರಭು ಕೇಳಿದಂತೆ ನಾವೂ ಕೇಳೋಣ: ನಿನಗೇನು ಬೇಕು, ಮಗೂ?