ಅರಸನ ಉಪಕಾರವೂ ಪ್ರಜೆಯ ಅಧಿಕಾರವೂ

ಪ್ರಜೆಗಳ ಹಿತವನ್ನು ಅವರನ್ನು ಕೇಳದೆಯೇ ಸಾಧಿಸುವುದು ಅರಸನಿಗೆ ಧರ್ಮವೇ? ಆಸ್ಟ್ರಿಯದ ಎರಡನೆಯ ಜೋಸೆಫನು ಹಾಗೆಂದೇ ನಂಬಿದ್ದನು. 1781ರಲ್ಲಿ ಬೊಹೀಮಿಯದ ರೈತರ ಜೀತವನ್ನು ಸಡಿಲಿಸಿದ ಆತನೇ, 1790ರಲ್ಲಿ ಮರಣಕ್ಕೆ ಮುನ್ನ, ಹಂಗೆರಿಯ ಮೇಲೆ ಹೇರಿದ್ದ ಸುಧಾರಣೆಗಳಲ್ಲಿ ಬಹುಪಾಲನ್ನು ಹಿಂತೆಗೆದುಕೊಳ್ಳಬೇಕಾಯಿತು.

ಮೈಸೂರಿನಲ್ಲಿ ಈ ಪ್ರಶ್ನೆ ಇನ್ನೂ ಜಟಿಲ. ನಾಲ್ವಡಿ ಕೃಷ್ಣರಾಜ ಒಡೆಯರು 1916ರಲ್ಲಿ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ಸರ್ಕಾರಿ ಚಾಕರಿಯಲ್ಲಿ ಬ್ರಾಹ್ಮಣೇತರರಿಗೂ ಪಾಲು ದೊರೆಯಲೆಂದು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅದಕ್ಕೊಪ್ಪದೆ ದಿವಾನ ವಿಶ್ವೇಶ್ವರಯ್ಯನವರೇ ಪದವಿಯನ್ನು ಬಿಟ್ಟರು. ಅಂದಿನ ವಿದ್ಯಾವಂತರ ಸಮ್ಮತಿಗೆ ಕಾದಿದ್ದರೆ ಆ ಸಮಿತಿ ಹುಟ್ಟುತ್ತಿತ್ತೋ ಇಲ್ಲವೋ! ಅರಸನ ಪಕ್ಷದಲ್ಲಿ ಇದಕ್ಕಿಂತ ಬಲವಾದ ವಾದವಿಲ್ಲ.

ಆದರೂ ಇಂಥ ಕೊಡುಗೆಗೆ ಒಂದು ಕುಂದುಂಟು: ಕೊಟ್ಟವನನ್ನು ಪ್ರಶ್ನಿಸುವ ಅಧಿಕಾರ ಪಡೆದವನಿಗಿಲ್ಲ. 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯು ಬಿನ್ನವಿಸಬಹುದಾಗಿತ್ತು, ದಿವಾನನನ್ನು ಇಳಿಸುವಂತಿರಲಿಲ್ಲ. ನಾಲ್ವಡಿಯವರು 1940ರಲ್ಲಿ ತೀರಿಕೊಂಡರು. ಎರಡೇ ವರ್ಷಗಳಲ್ಲಿ, ಚನ್ನಗಿರಿಯ ಉಬ್ರಾಣಿಯೂ ಸೇರಿದ್ದ ಅಂದಿನ ಶಿವಮೊಗ್ಗ ಜಿಲ್ಲೆಯಲ್ಲಿ, ಈಸೂರಿನವರು ಬಿನ್ನಹವನ್ನು ಬಿಟ್ಟು ತಮ್ಮದೇ ಸರ್ಕಾರವನ್ನು ಸಾರಿದರು. ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರಲ್ಲಿ ಐವರು ಗ್ರಾಮಸ್ಥರನ್ನು ಗಲ್ಲಿಗೇರಿಸಲಾಯಿತು. ಸಂಸ್ಥಾನವು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದುದು 1947ರ ಅಕ್ಟೋಬರಿನಲ್ಲಿ, ಪ್ರಜೆಗಳು ಸೆರೆಮನೆಗಳನ್ನು ತುಂಬಿದ ಬಳಿಕ.