ಶ್ರಾವಕನೂ ಜೇಬಿನ ಪಿಸ್ತೂಲೂ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಆತ್ಮರಕ್ಷಣೆಗಾಗಿ ಆಯುಧವನ್ನು ಧರಿಸಬಹುದೇ ಎಂಬ ಪ್ರಶ್ನೆ ಕನ್ನಡನಾಡಿನ ಜೈನರಿಗೆ ಹೊಸತಲ್ಲ. ಗಂಗರ ದಂಡನಾಯಕನಾದ ಚಾವುಂಡರಾಯನು ರಣರಂಗದಲ್ಲಿ ಖಡ್ಗಧಾರಿಯಾಗಿದ್ದನು; ಶ್ರವಣಬೆಳಗೊಳದಲ್ಲಿ ಸರ್ವಸಂಗಪರಿತ್ಯಾಗಿಯಾದ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದವನೂ ಅವನೇ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನೂ ಪರಮ ಜಿನಭಕ್ತನಾಗಿದ್ದನು. ಆದರೆ ಅವರ ಖಡ್ಗ ಎಲ್ಲರಿಗೂ ಕಾಣುವಂತೆ ಸೊಂಟದಲ್ಲಿತ್ತು. ಅದು ರಾಜ್ಯರಕ್ಷಣೆಯ ಹೊಣೆಯ ಚಿಹ್ನೆಯಾಗಿತ್ತು. ಇಂದಿನ ಪ್ರಶ್ನೆ ಬೇರೆ ರೂಪದ್ದು. ರಾಜ್ಯದ ಹೊಣೆಯಿಲ್ಲದ, ವ್ಯಾಪಾರದಿಂದ ಜೀವಿಸುವ ಸಾಮಾನ್ಯ ಶ್ರಾವಕನು, ಯಾರಿಗೂ ಕಾಣದಂತೆ ಜೇಬಿನಲ್ಲಿ ಚಿಕ್ಕದೊಂದು ಪಿಸ್ತೂಲನ್ನು ಇಟ್ಟುಕೊಂಡು ಓಡಾಡಬಹುದೇ?

ಉದಾಹರಣೆಗಾಗಿ ಚಿಂತಾಮಣಿಯ ಒಬ್ಬ ಚಿನ್ನಬೆಳ್ಳಿ ವರ್ತಕನನ್ನು ಕಲ್ಪಿಸಿಕೊಳ್ಳಬಹುದು. ತಿಂಗಳಿಗೆ ಎರಡು ಮೂರು ಬಾರಿ ಬೆಂಗಳೂರಿಗೆ ಹೋಗಿ ಒಡವೆಗಳೊಡನೆ ಮರಳುವುದು ಅವನ ವೃತ್ತಿಧರ್ಮ. ಒಂದು ಸಂಜೆ ಹಿಂದಿರುಗುವಾಗ ಬೈಕಿನಲ್ಲಿ ಇಬ್ಬರು ಬಹುದೂರ ಅವನ ಬೆನ್ನು ಹತ್ತಿ ಬಂದು, ಊರು ಸಮೀಪಿಸಿದಾಗ ಬೇರೆ ದಾರಿ ಹಿಡಿದರು. ಏನೂ ನಡೆಯಲಿಲ್ಲ. ಆದರೆ ಭಯ ಮಾತ್ರ ಅವನೊಡನೆ ಮನೆಯೊಳಕ್ಕೆ ಬಂದಿತು. ಮಗನು ಪಿಸ್ತೂಲಿನ ಪರವಾನಗಿಗೆ ಅರ್ಜಿ ಹಾಕಿರೆಂದು ಒತ್ತಾಯಿಸಿದನು. ವೃದ್ಧೆಯಾದ ತಾಯಿ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದಳು: “ಸಾಮಾಯಿಕಕ್ಕೆ ಕೂರುವಾಗ ಅದನ್ನು ಎಲ್ಲಿಡುತ್ತೀಯಪ್ಪ?”

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಶಾಸ್ತ್ರದ ವಿಭಾಗವನ್ನು ಸ್ಮರಿಸಬೇಕು. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದುಂಟು. ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವುದು ಸಂಕಲ್ಪೀ. ಅಡಿಗೆ, ಗುಡಿಸುವಿಕೆ ಮೊದಲಾದ ಗೃಹಕೃತ್ಯಗಳಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ಆಕ್ರಮಣಕಾರನನ್ನು ಎದುರಿಸುವಾಗ ಆಗುವುದು ವಿರೋಧೀ. ಅಣುವ್ರತಿಯು ಸರ್ವಥಾ ತ್ಯಜಿಸಬೇಕಾದುದು ಮೊದಲನೆಯದನ್ನು. ಉಳಿದ ಮೂರನ್ನು ಅವನು ಪೂರ್ಣವಾಗಿ ಬಿಡಲಾರನು; ಆದರೆ ಬಿಡಲಾರದ್ದೆಲ್ಲವೂ ನಿರ್ದೋಷವೆಂದು ಇದರ ಅರ್ಥವಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೂಲು ತುಂಡಾಗದೆ ಬರಬೇಕಾದರೆ ಗೂಡಿನೊಳಗಿನ ಜೀವವು ಚಿಟ್ಟೆಯಾಗಿ ಹೊರಬರುವ ಮೊದಲೇ ಬಿಸಿಯಲ್ಲಿ ಸಾಯಬೇಕು. ಉದ್ಯೋಗವೆಂಬ ಹೆಸರು ಬಂದ ಮಾತ್ರಕ್ಕೆ ಆ ಹಿಂಸೆ ಕಡಿಮೆಯಾಗುವುದಿಲ್ಲ. ಹಾಗೆಯೇ ವಿರೋಧವೆಂಬ ಹೆಸರು ಗುಂಡಿನ ಘಾತವನ್ನು ತೊಳೆಯಲಾರದು. ಗೃಹಸ್ಥನ ಅಶಕ್ತಿಯನ್ನು ಅದು ಒಪ್ಪಿಕೊಳ್ಳುತ್ತದೆ, ಅಷ್ಟೇ.

ವಿರೋಧೀ ಹಿಂಸೆಗೆ ಅವಕಾಶವಿದೆಯೆಂದಾದರೆ ಅದಕ್ಕೆ ಬೇಕಾದ ಸಾಧನಕ್ಕೂ ಅವಕಾಶವಿರಲೇಬೇಕಲ್ಲವೇ ಎಂದು ವರ್ತಕನ ಮಗನು ಕೇಳಬಹುದು. ಈ ವಾದ ಲಘುವಾದುದಲ್ಲ. ಹೇಡಿತನ ಮತ್ತು ಹಿಂಸೆ ಇವೆರಡೇ ಉಳಿದ ಸಂದರ್ಭದಲ್ಲಿ ಹಿಂಸೆಯೇ ಮೇಲೆಂದು 1920ರಲ್ಲಿ ಬರೆದವರು ಅಹಿಂಸೆಗಾಗಿಯೇ ಬಾಳಿದ ಗಾಂಧೀಜಿ. ಕಾಯಿಲೆಯಿಂದ ಚೇತರಿಸಿಕೊಳ್ಳಲು 1927ರಲ್ಲಿ ಅವರು ತಂಗಿದ್ದುದು ಚಿಕ್ಕಬಳ್ಳಾಪುರದ ಮಗ್ಗುಲಿನ ನಂದಿಬೆಟ್ಟದಲ್ಲಿಯೇ. ತನ್ನೆದುರಿನಲ್ಲಿ ಪತ್ನಿಯ ಮೇಲೆ ಕೈಮಾಡುವವನನ್ನು ತಡೆಯದೆ ನಿಂತವನು ಅಹಿಂಸಾವ್ರತಿಯೆನಿಸಲಾರನು. ರಕ್ಷಿಸುವುದು ಗೃಹಸ್ಥನ ಕರ್ತವ್ಯ, ಇದರಲ್ಲಿ ಸಂದೇಹವಿಲ್ಲ.

ಸಂದೇಹವಿರುವುದು ಆಯುಧದ ಆಯ್ಕೆಯಲ್ಲಿ. ದಾಳಿಯ ಕ್ಷಣದಲ್ಲಿ ಕೈಗೆ ಸಿಕ್ಕ ದೊಣ್ಣೆಯನ್ನೆತ್ತುವುದು ಬೇರೆ. ಶಾಂತವಾಗಿ ಅಂಗಡಿಯಲ್ಲಿ ಕುಳಿತು, ಯಾವುದು ಹಗುರ, ಯಾವುದು ಅಂಗಿಯ ಕೆಳಗೆ ಉಬ್ಬಿ ಕಾಣದು, ಯಾವುದರ ಗುಂಡು ಮನುಷ್ಯನನ್ನು ಖಂಡಿತವಾಗಿ ಕೆಡವುತ್ತದೆ ಎಂದು ತೂಗಿ ನೋಡುವುದು ಬೇರೆ. ಮೊದಲನೆಯದರಲ್ಲಿ ವಿರೋಧವಿದೆ, ಸಂಕಲ್ಪವಿಲ್ಲ. ಎರಡನೆಯದರಲ್ಲಿ ವಿರೋಧಿ ಇನ್ನೂ ಹುಟ್ಟಿಯೇ ಇಲ್ಲ. ಆದರೆ ಅವನ ಎದೆಯನ್ನು ಅಳೆದಾಗಿದೆ. ಇದು ನೇರವಾಗಿ ಸಂಕಲ್ಪೀ ಹಿಂಸೆಯೆಂದರೆ ಅತಿಯಾದೀತು. ಆದರೆ ಅದರ ಹೊಸ್ತಿಲನ್ನು ಮುಟ್ಟಿದ ಮನಃಸ್ಥಿತಿಯೆಂಬುದನ್ನು ಅಲ್ಲಗಳೆಯಲಾಗದು.

ಮರೆಮಾಡಿದ ಆಯುಧಕ್ಕೆ ಇನ್ನೊಂದು ದೋಷವಿದೆ. ಕಾವಲುಗಾರ, ನಾಯಿ, ದೀಪ, ಕೈಯಲ್ಲಿನ ಬೆತ್ತ ಇವು ಕಣ್ಣಿಗೆ ಬಿದ್ದೇ ದುಷ್ಟನನ್ನು ಹಿಮ್ಮೆಟ್ಟಿಸಬಲ್ಲವು; ಅವನಿಗೂ ಪಾಪದಿಂದ ತಪ್ಪಿಸಿಕೊಳ್ಳುವ ಅವಕಾಶ ಕೊಡುತ್ತವೆ. ಅಡಗಿಸಿಟ್ಟ ಪಿಸ್ತೂಲು ಯಾರನ್ನೂ ಮುಂಚಿತವಾಗಿ ಎಚ್ಚರಿಸದು. ಹೊರಬಂದಾಗಲೇ ಅದರ ಕೆಲಸ ಆರಂಭ. ಬಹುಮಟ್ಟಿಗೆ ಆಗಲೇ ಹಿಂದಿರುಗಲು ಹೊತ್ತು ಮೀರಿರುತ್ತದೆ.

ಲೌಕಿಕ ದೃಷ್ಟಿಯಿಂದಲೂ ಈ ಚಿಕ್ಕ ಆಯುಧ ತೋರುವಷ್ಟು ಸರಳವಲ್ಲ. ಭಾರತದಲ್ಲಿ 1959ರ ಆಯುಧ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ಬಂದೂಕು ಹೊಂದುವುದು ಅಪರಾಧ. 9 ಮಿಲಿಮೀಟರಿನ ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ಅವನ ಪಾಲಿಗೆ ಉಳಿಯುವುದು.32, .25, .22 ಬೋರುಗಳಂತಹವು. 2019ರ ತಿದ್ದುಪಡಿಯ ತರುವಾಯ ಒಬ್ಬನು ಹೊಂದಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ದೆಹಲಿಯ 2012ರ ದಾರುಣ ಘಟನೆಯ ನಂತರ, ಸ್ತ್ರೀಯರ ಕೈಚೀಲದಲ್ಲಿ ಹಿಡಿಸುವಂತೆ ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ ಎಂಬ .32 ಬೋರಿನ ರಿವಾಲ್ವರನ್ನು ಕಾನಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೊರತಂದಿತು. ಅಂದಿನ ಬೆಲೆಯೇ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿಗಳಿಗೆ ಮೀರಿತ್ತು. ಆಯುಧ ಚಿಕ್ಕದಾದಂತೆ ನಳಿಗೆ ಕಿರಿದಾಗುತ್ತದೆ, ಗುರಿ ಹಿಡಿಯುವುದು ಕಷ್ಟವಾಗುತ್ತದೆ. ಹಗುರವಾದಂತೆ ಹಿಂದೊದೆತ ಕೈಯನ್ನು ಹೆಚ್ಚು ಅಲುಗಿಸುತ್ತದೆ. ನಿರಂತರ ಅಭ್ಯಾಸವಿಲ್ಲದವನ ಗುಂಡು ಕಳ್ಳನನ್ನು ಬಿಟ್ಟು ದಾರಿಹೋಕನನ್ನು ತಾಗಬಹುದು. ಮನೆಯಲ್ಲಿ ಮಕ್ಕಳಿದ್ದರೆ ಅಪಾಯ ಹೊರಗಿನದಕ್ಕಿಂತ ಒಳಗೇ ಮಿಗಿಲು. ವಸ್ತುವನ್ನು ಎತ್ತುವಲ್ಲಿ, ಇಡುವಲ್ಲಿ ಎಚ್ಚರವಿರಬೇಕೆಂಬ ಆದಾನನಿಕ್ಷೇಪಣ ಸಮಿತಿಯನ್ನು ಅಹಿಂಸಾವ್ರತದ ಭಾವನೆಗಳಲ್ಲಿ ಎಣಿಸಿರುವರು. ನೀರಿನ ಬಿಂದಿಗೆಯನ್ನು ಇಳಿಸುವಾಗಲೂ ನೆಲವನ್ನು ನೋಡಬೇಕಾದ ವ್ರತಿಗೆ ಗುಂಡು ತುಂಬಿದ ಯಂತ್ರದ ವಿಷಯದಲ್ಲಿ ಎಷ್ಟು ಎಚ್ಚರ ಬೇಕು! ಅದನ್ನು ಗೆಳೆಯನಿಗೆ ಒಂದು ದಿನದ ಮಟ್ಟಿಗೆ ಕೊಟ್ಟರೂ ಅದು ಅನರ್ಥದಂಡಗಳಲ್ಲಿ ಒಂದಾದ ಹಿಂಸಾದಾನವೇ ಆಗುತ್ತದೆ.

ಇಲ್ಲಿ ಕಾನೂನೂ ಧರ್ಮವೂ ಒಂದು ಹಂತದವರೆಗೆ ಜೊತೆಯಾಗಿ ನಡೆಯುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಹಿಂದಿನ ದಂಡಸಂಹಿತೆಯಂತೆಯೇ ಆತ್ಮರಕ್ಷಣೆಯ ಹಕ್ಕನ್ನು ಮಾನ್ಯ ಮಾಡುತ್ತದೆ. ಆದರೆ ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದೆಂದೂ, ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದಲ್ಲಿ ಆ ಹಕ್ಕಿಲ್ಲವೆಂದೂ ವಿಧಿಸುತ್ತದೆ. ಚೀಲವನ್ನು ಕಿತ್ತುಕೊಂಡು ಓಡುತ್ತಿರುವವನ ಬೆನ್ನಿಗೆ ಹಾರಿಸುವ ಗುಂಡು ಪ್ರಾಣವನ್ನು ರಕ್ಷಿಸುವುದಿಲ್ಲ, ಚಿನ್ನವನ್ನು ರಕ್ಷಿಸುತ್ತದೆ. ಶ್ರಾವಕನು ತನ್ನ ಅಂತರಂಗವನ್ನು ಶೋಧಿಸಬೇಕಾದ ಸ್ಥಳ ಇದೇ. ರೌದ್ರಧ್ಯಾನದ ನಾಲ್ಕು ಮೂಲಗಳನ್ನು ಹೇಳುವಾಗ ಉಮಾಸ್ವಾಮಿಗಳು ಹಿಂಸೆ, ಅಸತ್ಯ, ಚೌರ್ಯಗಳ ಸಾಲಿನಲ್ಲಿಯೇ ವಿಷಯಸಂರಕ್ಷಣೆಯನ್ನೂ ಸೇರಿಸಿದ್ದಾರೆ. ಕದಿಯುವವನ ಮನಸ್ಸು ಮಾತ್ರವಲ್ಲ, ತನ್ನದನ್ನು ಕಾಯುತ್ತ ಹಗಲಿರುಳೂ ಉರಿಯುವವನ ಮನಸ್ಸೂ ರೌದ್ರವೇ; ಅಣುವ್ರತಿಯೂ ಅದಕ್ಕೆ ಹೊರತಲ್ಲ. ಜೇಬಿನ ಪಿಸ್ತೂಲು ಎಂದೂ ಹಾರದೆ ಇರಬಹುದು. ಆದರೆ ದಾರಿಯಲ್ಲಿ ಎದುರಾಗುವ ಪ್ರತಿಯೊಬ್ಬ ಅಪರಿಚಿತನನ್ನೂ ಶತ್ರುವೆಂದು ನೋಡುವ ಕಣ್ಣನ್ನು ಅದು ಕೊಡುತ್ತದೆ.

ತಾಯಿಯ ಪ್ರಶ್ನೆಯ ಅರ್ಥ ಈಗ ಸ್ಪಷ್ಟವಾಗುತ್ತದೆ. ಸಾಮಾಯಿಕದಲ್ಲಿ ಸ್ಥಿರವಾಗಿ ಕುಳಿತ ಗೃಹಸ್ಥನನ್ನು ಸಮಂತಭದ್ರಾಚಾರ್ಯರು ಬಟ್ಟೆ ಹೊದಿಸಲ್ಪಟ್ಟ ಮುನಿಗೆ ಹೋಲಿಸಿದ್ದಾರೆ. ಆ ಬಟ್ಟೆಯೊಳಗೆ ಪಿಸ್ತೂಲಿರಲು ಸಾಧ್ಯವೇ? ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸ ಕೈಗೊಂಡವನು ಅನ್ನಪಾನಗಳೊಡನೆ ಆರಂಭವನ್ನೂ ಅಲಂಕಾರವನ್ನೂ ಬಿಡುತ್ತಾನೆ. ಹೊಟ್ಟೆ ಬರಿದಾಗಿ ಜೇಬು ತುಂಬಿದ್ದರೆ ಅದು ಲಂಘನವೇ ಹೊರತು ಉಪವಾಸವಲ್ಲ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದೆಂದರೆ, ಮನಸ್ಸು ಆ ಬೀಗದ ಬಳಿಯೇ ಕುಳಿತಿರುತ್ತದೆ.

ಹಾಗಾದರೆ ವರ್ತಕನು ಮಾಡಬೇಕಾದುದೇನು? ನಿರಾಯುಧನಾಗಿ ಎದೆಯೊಡ್ಡುವ ಧೈರ್ಯಕ್ಕೆ ಈ ಸೀಮೆಯಲ್ಲಿಯೇ ನಿದರ್ಶನವಿದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಅವರ ಬಲಿ ವ್ಯರ್ಥವಾಗಲಿಲ್ಲ. ಕೆಲವೇ ವಾರಗಳಲ್ಲಿ ಮಿರ್ಜಾ–ಪಟೇಲ್ ಒಪ್ಪಂದವಾಗಿ ಮೈಸೂರು ಸಂಸ್ಥಾನದಲ್ಲಿ ಆ ಧ್ವಜಕ್ಕೆ ಮನ್ನಣೆ ದೊರೆಯಿತು. ಆದರೆ ಅಂತಹ ಧೈರ್ಯವನ್ನು ತಾನಾಗಿ ತಂದುಕೊಳ್ಳಬೇಕಲ್ಲದೆ, ಇರುಳಿನಲ್ಲಿ ಒಂಟಿಯಾಗಿ ಬರುವ ಇನ್ನೊಬ್ಬನ ಮೇಲೆ ಹೇರಲಾಗದು.

ಗೃಹಸ್ಥನಿಗೆ ಮಧ್ಯದ ದಾರಿಯೊಂದು ವ್ರತಗಳಲ್ಲಿಯೇ ಇದೆ. ರಾತ್ರಿಭೋಜನತ್ಯಾಗವುಳ್ಳವನು ಸೂರ್ಯಾಸ್ತಕ್ಕೆ ಮೊದಲೇ ಮನೆ ಸೇರಲು ಒಂದು ಕಾರಣವನ್ನು ಈಗಾಗಲೇ ಹೊಂದಿದ್ದಾನೆ. ಒಡವೆಯ ಪ್ರಯಾಣವನ್ನೂ ಹಗಲಿಗೆ ಸೀಮಿತಗೊಳಿಸಿದರೆ ಅದು ದೇಶವ್ರತದ ಆಶಯಕ್ಕೂ ಹೊಂದುತ್ತದೆ. ಒಂಟಿಯಾಗಿ ಹೋಗುವುದಕ್ಕಿಂತ ಜೊತೆಗಾರನೊಡನೆ ಹೋಗುವುದು, ಸರಕಿಗೆ ವಿಮೆ ಮಾಡಿಸುವುದು, ಸಂದೇಹ ಬಂದೊಡನೆ ಪೋಲೀಸರಿಗೆ ತಿಳಿಸುವುದು, ಒಮ್ಮೆಗೆ ಒಯ್ಯುವ ಒಡವೆಯ ಮೊತ್ತಕ್ಕೆ ಮಿತಿ ಹಾಕುವುದು ಇವೆಲ್ಲವೂ ಪರಿಗ್ರಹಪರಿಮಾಣದ ಬೇರೆ ಬೇರೆ ಮುಖಗಳೇ. ಪ್ರಾಣದ ಮಾತು ಬಂದಾಗ ಚೀಲವನ್ನು ಬಿಟ್ಟುಕೊಡುವೆನೆಂದು ಮೊದಲೇ ನಿಶ್ಚಯಿಸಿದವನಿಗೆ ಅರ್ಧ ಭಯ ಅಂದೇ ತೊಲಗುತ್ತದೆ.

ಇಷ್ಟೆಲ್ಲ ಮಾಡಿಯೂ ಪ್ರಾಣಭಯ ನಿಜವಾಗಿಯೇ ಉಳಿದಿದ್ದು, ತನ್ನವರ ರಕ್ಷಣೆಗೆ ಅನ್ಯಮಾರ್ಗವಿಲ್ಲದೆ ಆಯುಧ ಪಡೆದವನನ್ನು ಧರ್ಮಭ್ರಷ್ಟನೆಂದು ಸಮಾಜ ನಿಂದಿಸಬಾರದು. ಆದರೆ ಅವನು ಅದನ್ನು ಯಮವಾಗಿಯಲ್ಲ, ನಿಯಮವಾಗಿ, ಅಂದರೆ ಇಂತಿಷ್ಟು ಕಾಲದವರೆಗೆ ಎಂಬ ಗಡುವಿನೊಡನೆ ಸ್ವೀಕರಿಸಲಿ, ಪರ್ವದಿನಗಳಲ್ಲಿ ಮುಟ್ಟದಿರಲಿ, ಪ್ರತಿದಿನದ ಪ್ರತಿಕ್ರಮಣದಲ್ಲಿ ಅದನ್ನು ತನ್ನ ದೌರ್ಬಲ್ಯಗಳ ಪಟ್ಟಿಯಲ್ಲಿ ಸೇರಿಸಲಿ, ಭಯದ ಕಾರಣ ತೀರಿದೊಡನೆ ಕಾನೂನಿನಂತೆ ಹಿಂದಿರುಗಿಸಲಿ.

ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯ ದಿನ. ಆ ದಿನ ಬಸದಿಯಲ್ಲಿ ಕೈಮುಗಿದು ಎಲ್ಲ ಜೀವಿಗಳೊಡನೆ ಮೈತ್ರಿಯನ್ನು ಭಾವಿಸುವ ಶ್ರಾವಕನು, ತನ್ನ ಬೆನ್ನು ಹತ್ತಿ ಬಂದ ಆ ಇಬ್ಬರು ಬೈಕಿನವರನ್ನೂ ಆ ಜೀವಿಗಳಲ್ಲಿ ಸೇರಿಸಲು ಸಾಧ್ಯವೇ ಎಂದು ತನ್ನನ್ನೇ ಕೇಳಿಕೊಳ್ಳಲಿ. ಸಾಧ್ಯವೆಂಬ ಉತ್ತರ ಬರುವವರೆಗೆ ಅವನ ಆಯುಧದ ನಿರ್ಣಯ ಜೇಬಿನಲ್ಲಿರಲಿ, ಅಂಗಡಿಯಲ್ಲಿರಲಿ, ಅಪೂರ್ಣವೇ.