ಪೆಟ್ಟಿಗೆಯಲ್ಲಿ ಇಟ್ಟದ್ದು ಯಾರಿಗೆ?

ಹೂತಿಟ್ಟ ಹೊನ್ನು ಎಲ್ಲರ ಕಣ್ಣಿಗೂ ಹೊನ್ನಾಗಿ ಕಾಣುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ದೈವವಿದ್ದವನು ಅಗೆದರೆ ಕೊಪ್ಪರಿಗೆಯಲ್ಲಿ ಬಂಗಾರ, ಇಲ್ಲದವನು ಅಗೆದರೆ ಅದೇ ಕೊಪ್ಪರಿಗೆಯಲ್ಲಿ ಇದ್ದಿಲು. ಹಾಗಾದರೆ ಯಾರ ಕೈಯೂ ತಾಕುವ ಮೊದಲು ಅದರೊಳಗೆ ಇದ್ದದ್ದೇನು?

ಈ ಪ್ರಶ್ನೆ ಈಗ ಕಂಪ್ಯೂಟರ್ ಆಟಗಳಲ್ಲಿ ಬೇರೆ ವೇಷ ತೊಟ್ಟು ಬಂದಿದೆ. ಸೊಲ್ಲಾಪುರದಲ್ಲಿ ಓದುವ ನನ್ನ ತಂಗಿಯ ಮಗನಿಗೆ ಹಳೆಯ ಆಟಗಳ ಹುಚ್ಚು. ರಜೆಗೆ ಚಡಚಣಕ್ಕೆ ಬಂದಾಗ ಅವನು ಆಡುವ ಆಟಗಳಲ್ಲಿ ಕಾಡು, ಬೆಟ್ಟ, ಪಾಳುಕೋಟೆ, ಗವಿಗಳಿರುವ ಒಂದು ಇಡೀ ಲೋಕವೇ ಇರುತ್ತದೆ. ವೀರನ ಪಾತ್ರ ವಹಿಸಿದವನು ಮನಬಂದ ಕಡೆ ಅಲೆಯಬಹುದು; ಅಲ್ಲಲ್ಲಿ ಸಿಕ್ಕುವ ಪೆಟ್ಟಿಗೆಗಳಲ್ಲಿ ಕತ್ತಿ, ಕವಚ, ನಾಣ್ಯ. ಅವುಗಳಲ್ಲಿ ಏನನ್ನು ಇಡಬೇಕೆಂಬ ವಿಷಯದಲ್ಲಿ ಆಟ ಕಟ್ಟುವವರಿಗೆ ಎರಡು ದಾರಿಗಳಿವೆಯಂತೆ.

2002ರ ‘ಮೊರೋವಿಂಡ್’ ಆಟದಲ್ಲಿ ಬೆಲೆಬಾಳುವ ಎಷ್ಟೋ ವಸ್ತುಗಳನ್ನು ಗೊತ್ತಾದ ಜಾಗಗಳಲ್ಲಿ ಕೈಯಾರೆ ಇಡಲಾಗಿತ್ತು. ಹೊಸಬ ಹೋದರೂ ಅಲ್ಲಿರುವುದು ಅದೇ, ಪಳಗಿದವ ಹೋದರೂ ಅದೇ. ಹೊಸಬ ಅದನ್ನು ಜೀವಸಹಿತ ಹೊತ್ತು ತರಬಲ್ಲನೇ ಎಂಬುದಷ್ಟೇ ಪ್ರಶ್ನೆ. ಅದೇ ಕಂಪನಿಯ 2006ರ ‘ಆಬ್ಲಿವಿಯನ್’ನಲ್ಲಿ ಕ್ರಮ ಬದಲಾಯಿತು. ಎಷ್ಟೋ ಪೆಟ್ಟಿಗೆಗಳಲ್ಲಿ ವಸ್ತುವಿನ ಬದಲು ಒಂದು ಪಟ್ಟಿ. ಆಡುವವನ ಮಟ್ಟ ನೋಡಿ ಯಂತ್ರ ಅದರಿಂದ ಆರಿಸಿ ಕೊಡುತ್ತದೆ. ಶತ್ರುಗಳೂ ಅವನೊಡನೆಯೇ ಬೆಳೆಯುತ್ತಾರೆ. ಕೊನೆಗೆ ದಾರಿಬದಿಯ ಸಾಮಾನ್ಯ ದರೋಡೆಕೋರನೂ ಅಪರೂಪದ ಕವಚ ತೊಟ್ಟು ನಾಲ್ಕು ಕಾಸಿಗೆ ಅಡ್ಡಗಟ್ಟುತ್ತಾನೆ.

“ದೊಡ್ಡವ್ವಾ, ನಾ ಸಣ್ಣಾಂವ ಇದ್ರ ಸಣ್ಣ ಕತ್ತಿ, ದೊಡ್ಡಾಂವ ಆದ್ರ ದೊಡ್ಡ ಕತ್ತಿ. ಹಂಗಾದ್ರ ಹುಡುಕೂದರೆ ಯಾಕ?” ಎಂದು ಹುಡುಗ ನಕ್ಕ.

ನಾನು ನಗಲಿಲ್ಲ. ಈ ಎರಡನೆಯ ದಾರಿಯಲ್ಲಿ ದಯೆ ಇಲ್ಲವೆನ್ನಲಾಗದು. ಮಕ್ಕಳ ಮಟ್ಟ ನೋಡದೆ ಪಾಠ ಹೇಳುವುದು ಶಿಕ್ಷಕಿಗೆ ಒಪ್ಪುವ ಮಾತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯೂ ಇದನ್ನೇ ಒಪ್ಪಿಕೊಂಡಿತು. ಆದರೆ ಅಲ್ಲಿ ಮಗುವಿನ ವೇಗ ಮಗುವಿನದು, ಕಲಿಕೆಯ ಏಣಿ ಮಾತ್ರ ಎಲ್ಲರಿಗೂ ಒಂದೇ. ನಿಧಾನವಾಗಿ ಹತ್ತುವವನಿಗೆಂದು ಗಿಡ್ಡ ಏಣಿ ಇಟ್ಟಿಲ್ಲ.

ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ನಾವು ಗಿಡ್ಡ ಏಣಿಯನ್ನೇ ಇಡುತ್ತೇವೆ. ಅದರ ಹೆಸರು ‘ಪಾಸಿಂಗ್ ಪ್ಯಾಕೇಜ್’. ಹಿಂದುಳಿದವರೆಂದು ಗುರುತಿಸಿದ ಮಕ್ಕಳಿಗೆ ಗಾದೆ ವಿಸ್ತರಣೆ, ಪತ್ರಲೇಖನ, ಕವಿಪರಿಚಯ ಹೀಗೆ ಖಚಿತವಾಗಿ ಅಂಕ ತರುವಷ್ಟನ್ನೇ ಆರಿಸಿ ಕೊಡುವುದು. ಇದರಿಂದ ಎಷ್ಟೋ ಮನೆಗಳಲ್ಲಿ ಮೊದಲ ಎಸ್.ಎಸ್.ಎಲ್.ಸಿ. ಪಾಸಾಗಿದೆ; ಅದನ್ನು ಹಗುರವಾಗಿ ಕಾಣಲಾರೆ. ಆದರೆ ಒಮ್ಮೆ ಭೀಮಾ ದಂಡೆಯ ಹಳ್ಳಿಯಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಪುಸ್ತಕದಲ್ಲಿ ಬಿಟ್ಟುಹೋದ ಹಳಗನ್ನಡ ಪದ್ಯದ ಮೇಲೆ ಬೆರಳಿಟ್ಟು ಕೇಳಿದಳು: “ಅಕ್ಕೋರ, ಇದು ನಮಗ ಅಲ್ಲೇನ್ರಿ?” ಅವಳ ದನಿಯಲ್ಲಿ ದೂರು ಇರಲಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದಳು. ನನಗೆ ನೋವಾದದ್ದು ಅದಕ್ಕೇ.

‘ಆಬ್ಲಿವಿಯನ್’ನಲ್ಲಿ ಇನ್ನೊಂದು ಸಂಗತಿಯಿತ್ತು. ಕೆಳಮಟ್ಟದಲ್ಲಿದ್ದಾಗ ಪಡೆದ ಬಹುಮಾನದ ಕತ್ತಿ, ಆಡುವವನು ಮುಂದೆ ಎಷ್ಟು ಬೆಳೆದರೂ ಆ ಮಟ್ಟದ್ದಾಗಿಯೇ ಉಳಿಯುತ್ತಿತ್ತು. ಇದನ್ನು ಅರಿತವರು ತಾವು ಬಲಿಯುವವರೆಗೆ ಆ ಬಹುಮಾನದ ಕೆಲಸವನ್ನು ಮುಂದೂಡುತ್ತಿದ್ದರಂತೆ. ಹಳ್ಳಿಯ ಹುಡುಗಿ ಹತ್ತನೆಯ ತರಗತಿಯನ್ನು ಎಲ್ಲಿಗೆ ಮುಂದೂಡಿಯಾಳು? ಮಟ್ಟ ಅಳೆದ ದಿನ ಅವಳು ಹೇಗಿದ್ದಳೋ ಅದೇ ಅವಳ ಪಾಲಾಗುತ್ತದೆ.

ಹಾಗೆಂದು ಎಲ್ಲರಿಗೂ ಒಂದೇ ಪೆಟ್ಟಿಗೆ ಇಟ್ಟ ಮಾತ್ರಕ್ಕೆ ನ್ಯಾಯವಾಗುವುದಿಲ್ಲ. ಗುಟ್ಟು ಬಲ್ಲವನು ನೆಟ್ಟಗೆ ಹೋಗಿ ಎತ್ತಿಕೊಳ್ಳುತ್ತಾನೆ; ಟ್ಯೂಷನ್ನಿಗೆ ದುಡ್ಡಿದ್ದವರ ಮಕ್ಕಳಿಗೆ ಗುಟ್ಟುಗಳು ಮೊದಲೇ ತಿಳಿದಿರುತ್ತವೆ. ಆ ಗುಟ್ಟನ್ನು ಉಳಿದವರಿಗೂ ಹೇಳುವುದಕ್ಕೇ ಶಾಲೆಯಿರುವುದು. ದಾರಿ ತೋರಬೇಕು, ಕೈ ಹಿಡಿಯಬೇಕು, ಬೇಕಾದರೆ ನಾಲ್ಕು ಸಲ ನಿಂತು ದಮ್ಮು ತೆಗೆದುಕೊಳ್ಳಲು ಬಿಡಬೇಕು. ಪೆಟ್ಟಿಗೆಯೊಳಗಿನದನ್ನು ಬದಲಿಸುವ ಅಧಿಕಾರ ನಮಗೆ ಯಾರು ಕೊಟ್ಟರು?

ನಮ್ಮ ನೆರೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಬೀಸುವಾಗ ತ್ರಿಪದಿ ಹಾಡುತ್ತಿದ್ದ ಹೆಣ್ಣುಮಕ್ಕಳು ಕೇಳುವವರ ಮಟ್ಟ ಅಳೆದಿರಲಿಲ್ಲ. ಬೀಸುಕಲ್ಲಿನ ಬಳಿ ಕೂತ ಎಳೆಯ ಹುಡುಗಿಗೂ ಮುಪ್ಪಿನ ಅತ್ತೆಗೂ ಅದೇ ಹಾಡು. ಹುಡುಗಿಗೆ ಅಂದು ರಾಗವಷ್ಟೇ ಸಿಕ್ಕೀತು. ಅರ್ಥ ತೆರೆದುಕೊಳ್ಳುವುದು ತಾನೇ ತವರು ಬಿಟ್ಟು ಬಂದ ಮೇಲೆ. ಆದರೆ ತೆರೆದುಕೊಳ್ಳಲು ಅದು ಅವಳೊಳಗೆ ಮೊದಲೇ ಇರಬೇಕಷ್ಟೆ.

ಪ್ಯಾಕೇಜನ್ನು ನಾನೂ ಕೊಡುತ್ತೇನೆ. ಪರೀಕ್ಷೆ ಎಂಬ ಹೊಳೆ ದಾಟಲು ಅದೊಂದು ಹರಿಗೋಲು. ಆದರೆ ಪಟ್ಟಿಯಲ್ಲಿಲ್ಲದ ಪದ್ಯವನ್ನೂ ಇಡೀ ತರಗತಿಗೆ ಓದಿ ಅರ್ಥ ಹೇಳುತ್ತೇನೆ. ಯಾರನ್ನೂ ಹೊರಗೆ ಕಳಿಸುವುದಿಲ್ಲ. ಅಂಕಕ್ಕೆ ಬರುವುದಿಲ್ಲವೆಂದು ಕೆಲವರು ಕಿಟಕಿಯಾಚೆ ನೋಡುತ್ತಾರೆ, ನೋಡಲಿ. ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: “ನಿನಗೂ ಐತವ್ವಾ. ಇವತ್ತ ತಿಳೀಲಿಲ್ಲಂದ್ರ ಅದೇನ ಓಡಿ ಹೋಗೂದಿಲ್ಲ.”